ನಾಲ್ಕು ಸಾಲಿನ ಪರಿಚಯ: ಬೆನ್ನುಡಿ, ಅಡಿಬರಹ, ಪ್ಯಾಕೆಟ್ ಮೇಲಿನ ಮಾತು

ಪುಸ್ತಕದ ಬೆನ್ನುಡಿಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳು ಪುಸ್ತಕವನ್ನೂ ದಾಟಿ ಚಟ್ನಿಪುಡಿ, ಹೋಮ್‌ಸ್ಟೇ, ಕಂಪನಿ ನಾಟಕದ ಕರಪತ್ರದವರೆಗೆ ಹೋಗಿವೆ. ಒಳ್ಳೆಯದೇ ಆಯಿತು. ಗುರುತಿಲ್ಲದ ಒಬ್ಬರಿಗೆ ನಮ್ಮ ವಸ್ತುವನ್ನು ನಾಲ್ಕು ಸಾಲಿನಲ್ಲಿ ಪರಿಚಯ ಮಾಡಿಕೊಡೋದು ಎಲ್ಲ ಕಡೆಯೂ ಒಂದೇ ಕೆಲಸ, ಅದು ಎಲ್ಲ ಕಡೆಯೂ ಒಂದೇ ರೀತಿಯಲ್ಲಿ ಕೆಡುತ್ತದೆ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಹೆಸರು ಹಾಕಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನನ್ನ ಮೊದಲ ಕಥಾಸಂಕಲನ ಅಚ್ಚಿಗೆ ಹೋಗುತ್ತಿದೆ. ತೆಂಗಿಗೆ ನುಸಿ ಬಂದ ಕಾಲದಲ್ಲಿ ನಮ್ಮ ಕಡೆಯ ಮನೆಗಳಲ್ಲಿ ನಡೆದದ್ದನ್ನೇ ಹೆಚ್ಚಾಗಿ ಬರೆದಿದ್ದೇನೆ. "ಮುನ್ನುಡಿ ಯಾರದು, ಬೆನ್ನುಡಿ ಯಾರದು, ಬೇಗ ಹೇಳಿ" ಎಂದು ಪ್ರಕಾಶಕರು ಕೇಳುತ್ತಿದ್ದಾರೆ. ಎರಡೂ ಬೇಕೇ ಬೇಕೆ? ಇಬ್ಬರು ಹಿರಿಯ ಸಾಹಿತಿಗಳನ್ನು ಕೇಳಿದ್ದೇನೆ, ಇಬ್ಬರೂ "ನೋಡೋಣ" ಎಂದಿದ್ದಾರೆ. (ಅರಸೀಕೆರೆ)

ಉತ್ತರ: ಮೇಷ್ಟ್ರೇ, ಎರಡೂ ಬೇಕೇ ಬೇಕು ಅನ್ನೋ ನಿಯಮ ಎಲ್ಲೂ ಇಲ್ಲ. ಎರಡರ ಕೆಲಸ ಬೇರೆ ಬೇರೆ, ಅದನ್ನು ಮೊದಲು ಬಿಡಿಸಿಕೊಳ್ಳೋಣ.

ಮುನ್ನುಡಿ ಪುಸ್ತಕದ ಒಳಗೆ ಇರುತ್ತದೆ. ಅದನ್ನು ಓದುವವರು ಆಗಲೇ ಪುಸ್ತಕ ಕೊಂಡಿರುತ್ತಾರೆ, ಸಮಾಧಾನವಾಗಿ ಕೂತಿರುತ್ತಾರೆ. ಅಲ್ಲಿ ಹತ್ತು ಪುಟ ಬರೆದರೂ ನಡೆಯುತ್ತದೆ. ಧಾರವಾಡದ ಮನೋಹರ ಗ್ರಂಥಮಾಲೆಯ ಪುಸ್ತಕಗಳಿಗೆ ಕೀರ್ತಿನಾಥ ಕುರ್ತಕೋಟಿಯವರು ಬರೆದ ಮಾತುಗಳನ್ನು ಜನ ಇವತ್ತಿಗೂ ವಿಮರ್ಶೆ ಅಂತಲೇ ಓದುತ್ತಾರೆ. ಅಂಥದ್ದನ್ನು ಬರೆಯುವವರು ಸಿಕ್ಕರೆ ಹಾಕಿಸಿ. ಸಿಗದಿದ್ದರೆ ನಿಮ್ಮದೇ ಒಂದು ಅರಿಕೆ ಸಾಕು. ಈ ಕತೆಗಳು ಯಾವಾಗ ಬರೆದದ್ದು, ಎಲ್ಲಿ ಮೊದಲು ಅಚ್ಚಾದದ್ದು, ಯಾರು ತಿದ್ದಿಕೊಟ್ಟರು, ಇಷ್ಟು ಹೇಳಿ ಮುಗಿಸಿ.

ಬೆನ್ನುಡಿ ಹಾಗಲ್ಲ. ಅದು ಹೊರಗಡೆ ಇರುತ್ತದೆ. ಅಂಗಡಿಯಲ್ಲೋ, ಸಾಹಿತ್ಯ ಸಮ್ಮೇಳನದ ಮಳಿಗೆಯ ನೂಕುನುಗ್ಗಲಲ್ಲೋ ಒಬ್ಬರು ಪುಸ್ತಕ ಎತ್ತಿಕೊಂಡು ತಿರುಗಿಸಿ ನೋಡುತ್ತಾರೆ. ಅರ್ಧ ನಿಮಿಷ ನೋಡಿದರೆ ಹೆಚ್ಚು. ನಮ್ಮಲ್ಲಿ ಕತೆ ಕಾದಂಬರಿಗಳು ಹೆಚ್ಚಾಗಿ ಡೆಮಿ 1/8 ಆಕಾರದಲ್ಲಿ ಬರುತ್ತವೆ. ಆ ಹಿಂಬದಿಯಲ್ಲಿ ನಿಮ್ಮ ಫೋಟೋ, 13 ಅಂಕಿಯ ಐಎಸ್‌ಬಿಎನ್ ಇರುವ ಬಾರ್‌ಕೋಡ್, ಬೆಲೆ, ಪ್ರಕಾಶಕರ ಗುರುತು ಎಲ್ಲ ಕೂತ ಮೇಲೆ ಉಳಿಯೋದು ಸುಮಾರು ನೂರು ಪದಗಳ ಜಾಗ. ಇನ್ನೂರು ಪದ ತುಂಬಿಸಿದರೆ ಅಕ್ಷರ ಸಣ್ಣದಾಗುತ್ತದೆ, ಯಾರೂ ಓದುವುದಿಲ್ಲ.

ಈ ನೂರು ಪದದಲ್ಲಿ ಏನಿರಬೇಕು? ನಮ್ಮ ಬೆನ್ನುಡಿಗಳಲ್ಲಿ ಪದೇ ಪದೇ ಬರುವ ಮಾತು ನೋಡಿ. "ಭರವಸೆಯ ಕತೆಗಾರ." "ಮಣ್ಣಿನ ಸೊಗಡು." "ಓದಿಸಿಕೊಂಡು ಹೋಗುತ್ತದೆ." "ಓದುಗರನ್ನು ಬಹುಕಾಲ ಕಾಡುತ್ತದೆ." "ಕನ್ನಡ ಕಥಾಲೋಕಕ್ಕೆ ಒಂದು ವಿಶಿಷ್ಟ ಸೇರ್ಪಡೆ." ಇವು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬರೆದವರು ಮನಸ್ಸಿಟ್ಟೇ ಬರೆದಿರಬಹುದು. ಆದರೆ ಇದೇ ಐದು ಸಾಲನ್ನು ಕಿತ್ತು ಪಕ್ಕದ ಪುಸ್ತಕದ ಮೇಲೆ ಅಂಟಿಸಿದರೆ ಅಲ್ಲೂ ಸರಿಯಾಗಿ ಕೂರುತ್ತವೆ, ಅಲ್ವಾ? ಹಾಗೆ ಕೂರುವ ಸಾಲು ನಿಮ್ಮ ಪುಸ್ತಕದ ಬಗ್ಗೆ ಏನೂ ಹೇಳಲಿಲ್ಲ ಅಂತಲೇ ಅರ್ಥ. "ಭರವಸೆಯ" ಅನ್ನೋ ಪದ ನೋಡಿ ನನಗೆ ಬೇಜಾರಾಗುತ್ತದೆ, ಯಾಕೆಂದರೆ ಅರವತ್ತು ದಾಟಿದವರಿಗೂ ಅದನ್ನೇ ಹಾಕುತ್ತಾರೆ, ಅದರಲ್ಲಿ ಪ್ರೀತಿಯೂ ಇಲ್ಲ, ಓದಿದ ಗುರುತೂ ಇಲ್ಲ.

ನಿಮ್ಮ ಪತ್ರದಲ್ಲಿ ಬೆನ್ನುಡಿಗೆ ಬೇಕಾದದ್ದು ಆಗಲೇ ಇದೆ. ನೀವು ಕತೆಗಳ ಬಗ್ಗೆ ಕೊಟ್ಟ ವಿವರಗಳನ್ನೇ ಜೋಡಿಸಿ ಹೀಗೊಂದು ಬರೆದು ನೋಡಿದೆ:

"ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ಕಾಯಿ. ಅದನ್ನು ನಂಬಿ ಮಗಳ ಮದುವೆ ನಿಶ್ಚಯ ಮಾಡಿದ ಅಪ್ಪ. ಮರುವರ್ಷ ತೋಟಕ್ಕೆ ನುಸಿ ಬಿತ್ತು. ಬೆಂಗಳೂರು ರೈಲಿಗೆ ಜಂಕ್ಷನ್ನಿನಲ್ಲಿ ರಾತ್ರಿಯೆಲ್ಲ ಕಾದು ಬೆಳಗ್ಗೆ ಮನೆಗೇ ವಾಪಸು ಬಂದ ಹುಡುಗ, ಸಾಲ ವಸೂಲಿಗೆ ಬಂದು ಊಟ ಮಾಡಿ ಹೋದ ಬ್ಯಾಂಕಿನವರು, ಮರ ಕಡಿಸಲು ಒಪ್ಪದ ಅಜ್ಜಿ. ಅರಸೀಕೆರೆ ಸೀಮೆಯ ತೆಂಗಿನ ತೋಟಗಳ ಕತೆಗಳು."

ಇದರಲ್ಲಿ ಒಂದೂ ಹೊಗಳಿಕೆಯ ಪದ ಇಲ್ಲ. ಆದರೂ ತಿಪಟೂರಿನವರೊಬ್ಬರು ಇದನ್ನು ನೋಡಿದರೆ ಕೆಳಗಿಟ್ಟು ಹೋಗುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ಅಟ್ಟದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಕಾಯಬೇಕು ಅಂತ ಗೊತ್ತಿದ್ದವರಿಗೆ ಎರಡನೇ ವಾಕ್ಯದಲ್ಲೇ ಕತೆಯ ಭಾರ ಹತ್ತುತ್ತದೆ, ಗೊತ್ತಿಲ್ಲದವರಿಗೆ ಕುತೂಹಲವಾದರೂ ಹುಟ್ಟುತ್ತದೆ.

ಯಾರು ಬರೆಯಬೇಕು? ನೀವೇ ಬರೆಯಬಹುದು, ಪ್ರಕಾಶಕರ ಕಡೆಯವರು ತಿದ್ದಬಹುದು, ಹೆಸರಿಲ್ಲದೆ ಹಾಕಬಹುದು. ಹೆಸರು ಇರಲೇಬೇಕು ಅಂತಿದ್ದರೆ ಪುಸ್ತಕ ಪೂರ್ತಿ ಓದುವವರನ್ನು ಕೇಳಿ. ಅವರು ದೊಡ್ಡ ಸಾಹಿತಿಯೇ ಆಗಬೇಕಿಲ್ಲ. ಇಡೀ ಹಸ್ತಪ್ರತಿ ಕೊಡಿ, ಒಂದು ತಿಂಗಳು ಸಮಯ ಕೊಡಿ. "ನೋಡೋಣ" ಎಂದ ಹಿರಿಯರಿಗೆ ಇನ್ನೊಂದು ಸಲ ನೆನಪು ಮಾಡಿ ಬಿಟ್ಟುಬಿಡಿ. ಅವರ ಟೇಬಲ್ಲಿನ ಮೇಲೆ ಇಂಥ ಹಸ್ತಪ್ರತಿಗಳ ರಾಶಿಯೇ ಇರುತ್ತದೆ. ಅದಕ್ಕಾಗಿ ನಿಮ್ಮ ಪುಸ್ತಕ ನಿಲ್ಲಬಾರದು.

ಪ್ರಶ್ನೆ: ಬೆನ್ನುಡಿಗೆ ಇಂಗ್ಲಿಷಿನಲ್ಲಿ ಬ್ಲರ್ಬ್ ಅಂತಾರಲ್ಲ, ಆ ಪದ ಎಲ್ಲಿಂದ ಬಂತು? ಸಂಸ್ಕೃತಕ್ಕೋ ಲ್ಯಾಟಿನ್ನಿಗೋ ಸಂಬಂಧ ಇದೆಯಾ? (ಪದವಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಯಾವುದಕ್ಕೂ ಇಲ್ಲ. ಒಬ್ಬ ಮನುಷ್ಯ ಕೂತು ಹುಟ್ಟಿಸಿದ ಪದ ಅದು, ಹುಟ್ಟಿದ ವರ್ಷವೂ ಗೊತ್ತಿದೆ. ಅಮೆರಿಕದ ಗೆಲೆಟ್ ಬರ್ಜೆಸ್ ಅನ್ನೋ ಹಾಸ್ಯ ಬರಹಗಾರ 1906ರಲ್ಲಿ 'ಆರ್ ಯೂ ಎ ಬ್ರೊಮೈಡ್' ಅನ್ನೋ ಸಣ್ಣ ಪುಸ್ತಕ ತಂದ. 1907ರಲ್ಲಿ ಅಲ್ಲಿನ ಪುಸ್ತಕ ಮಾರಾಟಗಾರರ ಸಂಘದ ವಾರ್ಷಿಕ ಔತಣಕ್ಕೆ ಅದರ ವಿಶೇಷ ಪ್ರತಿಗಳನ್ನು ಹಂಚಿದರು. ಆ ಪ್ರತಿಯ ಹೊದಿಕೆಯ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟು ಜೋರಾಗಿ ಕೂಗುವ ಒಬ್ಬ ಹುಡುಗಿಯ ಚಿತ್ರ. ಹೆಸರು ಮಿಸ್ ಬೆಲಿಂಡಾ ಬ್ಲರ್ಬ್. ಆಗಿನ ಪ್ರಕಾಶಕರು ಪುಸ್ತಕದ ಮೇಲೆ ಏನೇನೋ ಬಾಯಿಗೆ ಬಂದಂತೆ ಹೊಗಳಿ ಅಚ್ಚು ಹಾಕುತ್ತಿದ್ದರು, ಅದನ್ನು ಅಣಕಿಸೋದೇ ಉದ್ದೇಶ. ಎಲ್ಲ ಪ್ರಕಾಶಕರೂ ಮಾಡುತ್ತಾರೆ, ನಾವು ಯಾಕೆ ಮಾಡಬಾರದು ಅಂತ ಅಲ್ಲೇ ಬರೆದಿತ್ತು. ಅಣಕಿಸಲು ಮಾಡಿದ ಹೆಸರೇ ಆ ವಸ್ತುವಿಗೆ ಅಂಟಿಕೊಂಡಿತು. 1914ರಲ್ಲಿ ಬರ್ಜೆಸ್ ತಾನು ಹುಟ್ಟಿಸಿದ ಪದಗಳದೇ ಒಂದು ನಿಘಂಟು ಮಾಡಿ ಇದಕ್ಕೂ ಅರ್ಥ ಬರೆದ.

ಹೆಸರು ಬರೋಕೆ ಮೊದಲೇ ಪದ್ಧತಿ ಇತ್ತು. ಇದರ ಹಳೆಯ ಕತೆ ಅಮೆರಿಕದ ಕವಿ ವಾಲ್ಟ್ ವಿಟ್ಮನ್ನನದು. 1855ರಲ್ಲಿ ಅವನು ತನ್ನ ಕವನಗಳನ್ನು ತಾನೇ ಅಚ್ಚು ಹಾಕಿಸಿ ಎಮರ್ಸನ್‌ಗೆ ಒಂದು ಪ್ರತಿ ಕಳಿಸಿದ. ಅಲ್ಲಿನ ಲೇಖಕರಲ್ಲಿ ಆಗ ಎಮರ್ಸನ್ ಬಹಳ ದೊಡ್ಡ ಹೆಸರು. ಅವರು ಅದೇ ವರ್ಷ ಜುಲೈ 21ರಂದು ಮನಸಾರೆ ಮೆಚ್ಚಿ ಒಂದು ಖಾಸಗಿ ಪತ್ರ ಬರೆದರು. ಮಹತ್ತಾದ ಬಾಳಿನ ಆರಂಭದಲ್ಲಿರುವ ನಿಮಗೆ ವಂದನೆ ಅನ್ನೋ ಅರ್ಥದ ಸಾಲು ಅದರಲ್ಲಿತ್ತು. ವಿಟ್ಮನ್ 1856ರ ಎರಡನೇ ಮುದ್ರಣದಲ್ಲಿ ಆ ಸಾಲನ್ನು ಎಮರ್ಸನ್ ಹೆಸರಿನ ಜೊತೆ ಪುಸ್ತಕದ ಬೆನ್ನಿಗೆ, ಅಂದರೆ ಕಪಾಟಿನಲ್ಲಿಟ್ಟಾಗ ಕಾಣುವ ಅಂಚಿಗೆ, ಚಿನ್ನದ ಅಕ್ಷರದಲ್ಲಿ ಹೊಡೆಸಿದ. ಅವರನ್ನು ಒಂದು ಮಾತು ಕೇಳಲಿಲ್ಲ. ತನ್ನ ಪುಸ್ತಕಕ್ಕೆ ತಾನೇ ಹೆಸರಿಲ್ಲದೆ ವಿಮರ್ಶೆಗಳನ್ನೂ ಬರೆದುಕೊಂಡಿದ್ದ. ಕವಿ ನಿಜಕ್ಕೂ ದೊಡ್ಡವನು, ಮಾಡಿದ್ದು ಸರಿಯಲ್ಲ. ನಾನು ಎರಡನ್ನೂ ಹೇಳುತ್ತೇನೆ.

ಆ ಪದ್ಧತಿ ಈಗ ಅಲ್ಲೇ ಬೇಸರ ತರಿಸಿದೆ. ನ್ಯೂಯಾರ್ಕಿನ ಸೈಮನ್ ಅಂಡ್ ಶೂಸ್ಟರ್ ಸಂಸ್ಥೆಯ ಮುಖ್ಯ ವಿಭಾಗದ ಪ್ರಕಾಶಕ ಶಾನ್ ಮ್ಯಾನಿಂಗ್ 2025ರ ಜನವರಿಯಲ್ಲಿ, ಇನ್ನು ಮೇಲೆ ನಮ್ಮ ಲೇಖಕರು ಬೇರೆ ಲೇಖಕರಿಂದ ಹೊಗಳಿಕೆ ಬರೆಸಿ ತರಬೇಕಾಗಿಲ್ಲ ಅಂತ ಘೋಷಿಸಿದರು. ಇದರಲ್ಲಿ ಎಲ್ಲರ ಸಮಯ ಹಾಳು, ಪ್ರತಿಭೆಗಿಂತ ಪರಿಚಯವೇ ಗೆಲ್ಲುತ್ತದೆ ಅನ್ನೋದು ಅವರ ವಾದ. ಮೇಲಿನ ಅರಸೀಕೆರೆ ಮೇಷ್ಟ್ರ ಕಷ್ಟವೂ ಇದೇ ಅಲ್ವಾ?

ಪ್ರಶ್ನೆ: ಒಂದು ಕಾದಂಬರಿಗೆ ನಾನು ಪತ್ರಿಕೆಯಲ್ಲಿ ವಿಮರ್ಶೆ ಬರೆದಿದ್ದೆ. "ಭಾಷೆ ಸೊಗಸಾಗಿದೆ, ಆದರೆ ಅರ್ಧದಿಂದಾಚೆ ಕತೆ ಎಲ್ಲೂ ಹೋಗುವುದಿಲ್ಲ" ಎಂದು. ಮರುಮುದ್ರಣದಲ್ಲಿ ನನ್ನ ಹೆಸರು ಹಾಕಿ "ಭಾಷೆ ಸೊಗಸಾಗಿದೆ" ಅಂತ ಮಾತ್ರ ಅಚ್ಚು ಹಾಕಿದ್ದಾರೆ. ಏನು ಮಾಡಲಿ? (ತುಮಕೂರು)

ಉತ್ತರ: ಅವರು ಹಾಕಿದ ಎರಡು ಪದವೂ ನಿಮ್ಮದೇ ಇರಬಹುದು, ಮಾತು ನಿಮ್ಮದಲ್ಲ. "ಆದರೆ" ಅನ್ನೋ ಪದದ ಮೊದಲಿನ ಅರ್ಧವನ್ನು ಮಾತ್ರ ಎತ್ತಿಕೊಂಡರೆ ಅಭಿಪ್ರಾಯ ತಲೆಕೆಳಗಾಗುತ್ತದೆ. ಪ್ರಕಾಶಕರಿಗೆ ಫೋನ್ ಮಾಡಬೇಡಿ, ಬರಹದಲ್ಲಿ ಕಳಿಸಿ. ವಿಮರ್ಶೆಯ ಪೂರ್ತಿ ವಾಕ್ಯ ಹಾಕಿ, ಮುಂದಿನ ಮುದ್ರಣದಲ್ಲಿ ಇಡೀ ವಾಕ್ಯ ಇರಲಿ ಅಥವಾ ನನ್ನ ಹೆಸರು ತೆಗೆಯಿರಿ ಅಂತ ಕೇಳಿ. ಅವರ ಜಾಲತಾಣದಲ್ಲಿ, ಆನ್‌ಲೈನ್ ಪುಸ್ತಕದಂಗಡಿಗಳಲ್ಲಿ ಅದೇ ಸಾಲು ಇದ್ದರೆ ಅಲ್ಲಿ ತಕ್ಷಣ ಬದಲಿಸಬಹುದು, ಅದನ್ನೂ ಕೇಳಿ. ಜೊತೆಗೆ ಲೇಖಕರಿಗೂ ಒಂದು ಪ್ರತಿ ಕಳಿಸಿ. ಎಷ್ಟೋ ಸಲ ಲೇಖಕರಿಗೆ ಈ ವಿಷಯ ಗೊತ್ತೇ ಇರುವುದಿಲ್ಲ, ಗೊತ್ತಾದರೆ ನಾಚಿಕೆ ಅವರಿಗೇ ಜಾಸ್ತಿ.

ಪ್ರಶ್ನೆ: ಮೇಡಂ, ನಾನು ಹಾವೇರಿ ಕಡೆಯವಳು, ಈಗ ಬೆಂಗಳೂರಿನಲ್ಲಿ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮಾಡಿ ಮಾರುತ್ತೇನೆ. ಪ್ಯಾಕೆಟ್ ಮೇಲೆ "100% ಶುದ್ಧ, ನೈಸರ್ಗಿಕ, ತಾಜಾ, ಮನೆಯಲ್ಲೇ ತಯಾರಿಸಿದ್ದು, ಅಮ್ಮನ ಕೈರುಚಿ" ಅಂತ ಹಾಕಿಸಿದ್ದೆ. ಇದರಲ್ಲಿ ಕೆಲವು ಪದ ಬಳಸಬಾರದು ಅಂತ ಗೆಳತಿ ಹೇಳುತ್ತಾಳೆ. ನಿಜವಾ? ಎಲ್ಲರೂ ಹಾಕ್ತಾರಲ್ಲ! (ವಿಜಯನಗರ, ಬೆಂಗಳೂರು)

ಉತ್ತರ: ನಿಮ್ಮ ಗೆಳತಿ ಹೇಳೋದು ನಿಜ, ಅವರಿಗೆ ಒಂದು ಡಬ್ಬಿ ಚಟ್ನಿ ಜಾಸ್ತಿ ಕೊಡಿ. ಆಹಾರದ ಜಾಹೀರಾತು ಮತ್ತು ಲೇಬಲ್ ಮಾತಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲೇ ಪ್ರತ್ಯೇಕ ನಿಯಮ ಮಾಡಿದೆ. ಅದರಲ್ಲಿ ಇಂಥ ಪದಗಳನ್ನು ಒಂದೊಂದಾಗಿ ಹೆಸರಿಸಿ ಯಾವಾಗ ಬಳಸಬಹುದು ಅಂತ ಹೇಳಿದ್ದಾರೆ.

"ಶುದ್ಧ" ಅಂತ ಹಾಕಬಹುದಾದ್ದು ಒಂದೇ ಪದಾರ್ಥ ಇರುವ, ಬೇರೆ ಏನೂ ಸೇರಿಸದ ಆಹಾರಕ್ಕೆ. ನಿಮ್ಮ ಚಟ್ನಿಯಲ್ಲಿ ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಎಲ್ಲ ಇದೆ. ಹಾಗಾಗಿ ಚಟ್ನಿಯನ್ನು ಶುದ್ಧ ಅನ್ನುವ ಹಾಗಿಲ್ಲ. "ನೈಸರ್ಗಿಕ" ಅನ್ನೋದಕ್ಕೂ ಇದೇ ಥರ. ಹಲವು ಪದಾರ್ಥ ಸೇರಿದ ತಿನಿಸನ್ನೇ ನೈಸರ್ಗಿಕ ಅನ್ನಬಾರದು, ಹಾಕಿದ ಪ್ರತಿಯೊಂದು ಪದಾರ್ಥವೂ ಆ ಷರತ್ತಿಗೆ ಹೊಂದಿದರೆ "ನೈಸರ್ಗಿಕ ಪದಾರ್ಥಗಳಿಂದ ಮಾಡಿದ್ದು" ಅನ್ನಬಹುದು. "ತಾಜಾ" ಇರೋದು ತೊಳೆದು, ಸಿಪ್ಪೆ ತೆಗೆದು, ಹೆಚ್ಚಿ, ತಣ್ಣಗಿಟ್ಟ ತರಕಾರಿ ಹಣ್ಣಿನಂಥವಕ್ಕೆ. ಹುರಿದು ಕುಟ್ಟಿದ ಪುಡಿಗೆ ಅದು ಬರುವುದಿಲ್ಲ. "ಮನೆಯಲ್ಲೇ ಮಾಡಿದ್ದು" ಅನ್ನೋದು ಕೊಳ್ಳುವವರಿಗೆ ತಪ್ಪು ಕಲ್ಪನೆ ಕೊಡುವಂತಿದ್ದರೆ ಕೂಡದು. ನೀವು ಈಗ ಬೇರೆ ಶೆಡ್ ಹಿಡಿದು, ಕೆಲಸಕ್ಕೆ ಜನ ಇಟ್ಟು ಮಾಡುತ್ತಿದ್ದೀರಿ ಅಂತ ಬರೆದಿದ್ದೀರಿ. ಅದನ್ನು ತೆಗೆದುಬಿಡಿ. ಇನ್ನು "100%". 2024ರ ಜೂನ್‌ನಲ್ಲಿ ಎಫ್‌ಎಸ್‌ಎಸ್‌ಎಐ ಹಣ್ಣಿನ ರಸದ ಕಂಪನಿಗಳಿಗೇ "100% ಹಣ್ಣಿನ ರಸ" ಅನ್ನೋದನ್ನು ಲೇಬಲ್ಲಿನಿಂದ, ಜಾಹೀರಾತಿನಿಂದ ತೆಗೆಯಿರಿ ಅಂತ ಸೂಚನೆ ಕೊಟ್ಟಿತು. ಎಲ್ಲರೂ ಹಾಕ್ತಾರೆ ಅನ್ನೋದು ಉತ್ತರ ಆಗುವುದಿಲ್ಲ.

ಕಾನೂನು ಪಕ್ಕಕ್ಕಿಡಿ. ಈ ಪದಗಳು ಹೋದರೆ ನಿಮಗೆ ನಷ್ಟ ಏನೂ ಇಲ್ಲ, ನಿಜಕ್ಕೂ ಲಾಭ. ನಿಮ್ಮ ಪಕ್ಕದ ಪ್ಯಾಕೆಟ್ಟಿನಲ್ಲೂ ಶುದ್ಧ, ಅದರ ಪಕ್ಕದ್ದರಲ್ಲೂ ಶುದ್ಧ. ಕೊಳ್ಳುವವರ ಕಣ್ಣು ಅದನ್ನು ಓದೋದೇ ಬಿಟ್ಟಿದೆ. ನಿಮ್ಮ ಚಟ್ನಿಯಲ್ಲಿ ಮಾತ್ರ ಇರೋದೇನು ಅಂತ ಯೋಚಿಸಿ.

ಮೆಣಸಿನಕಾಯಿ ಬ್ಯಾಡಗಿಯದು ಅಂದಿರಿ. ಅದೇ ಎಷ್ಟು ದೊಡ್ಡ ಮಾತು! ಬ್ಯಾಡಗಿ ಅಂದ ಕೂಡಲೇ ಗೊತ್ತಿದ್ದವರಿಗೆ ಬಣ್ಣ ಗಾಢ, ಖಾರ ಕಡಿಮೆ ಅಂತ ಹೊಳೆಯುತ್ತದೆ. ಅದರಲ್ಲೂ ಡಬ್ಬಿಯೋ ಕಡ್ಡಿಯೋ ಅಂತ ಬರೆಯಿರಿ. ಡಬ್ಬಿ ಗಿಡ್ಡ, ದಪ್ಪ, ಬಣ್ಣ ಜಾಸ್ತಿ. ಕಡ್ಡಿ ಉದ್ದ, ಸಣಕಲು. ಒಂದು ಎಚ್ಚರ ಇರಲಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ, ಅಂದರೆ ಆ ಸೀಮೆಯದಕ್ಕೆ ಮಾತ್ರ ಆ ಹೆಸರು. ಸೀಸನ್ನಿನಲ್ಲಿ ರೇಟು ಏರಿತು ಅಂತ ಗುಂಟೂರಿನದು ಬೆರೆಸಿದರೆ ಆ ಸಲದ ಪ್ಯಾಕೆಟ್ಟಿನಲ್ಲಿ ಬ್ಯಾಡಗಿ ಅನ್ನಬಾರದು.

ಇನ್ನೊಂದು, ನೀವು ಒಳಕಲ್ಲಿನಲ್ಲಿ ಹಾರಿಯಿಂದ ಕುಟ್ಟಿಸುತ್ತೀರಿ. ಶೇಂಗಾ ಕುಟ್ಟಿದಾಗ ಎಣ್ಣೆ ಬಿಟ್ಟುಕೊಂಡು ಚಟ್ನಿ ಉಂಡೆ ಉಂಡೆಯಾಗುತ್ತದೆ. ಮಿಕ್ಸಿಯಲ್ಲಿ ತಿರುಗಿಸಿದ್ದು ಉದುರುದುರಾಗಿ ಇರುತ್ತದೆ. ಉತ್ತರ ಕರ್ನಾಟಕದವರು ಮೊದಲು ನೋಡೋದೇ ಇದನ್ನು. ಬೆಂಗಳೂರಿನವರಿಗೆ ಗೊತ್ತಿಲ್ಲದಿದ್ದರೆ ಪ್ಯಾಕೆಟ್ ಹಾಳಾಗಿದೆ ಅಂದುಕೊಂಡಾರು, ಆದ್ದರಿಂದ ಹೇಳಲೇಬೇಕು. ಹೀಗೆ ಬರೆಯಬಹುದು:

"ಹುರಿದ ಶೇಂಗಾ, ಬ್ಯಾಡಗಿ ಡಬ್ಬಿ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು. ಒಳಕಲ್ಲಿನಲ್ಲಿ ಕುಟ್ಟಿದ್ದು, ಅದಕ್ಕೇ ಎಣ್ಣೆ ಬಿಟ್ಟು ಗಂಟು ಕಟ್ಟಿರುತ್ತದೆ. ಖಾರ ಮಧ್ಯಮ. ಜೋಳದ ರೊಟ್ಟಿಗೆ ಗಟ್ಟಿ ಮೊಸರಿನ ಜೊತೆ, ಅನ್ನಕ್ಕೆ ತುಪ್ಪದ ಜೊತೆ."

ಕುಟ್ಟಿದ ತಾರೀಕು, ಎಷ್ಟು ದಿನ ಇಡಬಹುದು, ತೂಕ, ಬೆಲೆ, ನಿಮ್ಮ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು ಎದ್ದು ಕಾಣುವಂತೆ ಇರಲಿ. ಶೇಂಗಾ ಅಲರ್ಜಿ ಇರುವವರಿಗೆ ಎಚ್ಚರಿಕೆಯ ಸಾಲನ್ನು ಮರೆಯಬೇಡಿ. "ಅಮ್ಮನ ಕೈರುಚಿ" ಇಟ್ಟುಕೊಳ್ಳಲೇಬೇಕು ಅನ್ನಿಸಿದರೆ, ಅಮ್ಮ ನಿಮಗೆ ಹೇಳಿಕೊಟ್ಟ ಒಂದು ಅಳತೆಯನ್ನೋ, ಹುರಿಯುವ ಹದವನ್ನೋ ಬರೆಯಿರಿ. ಆಗ ಅದು ನಿಮ್ಮ ಅಮ್ಮನದೇ ಆಗುತ್ತದೆ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟದಲ್ಲೇ ಎರಡು ರೂಮು ಹೋಮ್‌ಸ್ಟೇ ಮಾಡಿದ್ದೇವೆ. ಮಗ "ಪ್ರಕೃತಿಯ ಮಡಿಲಲ್ಲಿ ಸ್ವರ್ಗ, ಕರ್ನಾಟಕದ ಸ್ವಿಟ್ಜರ್ಲೆಂಡ್" ಅಂತ ಆನ್‌ಲೈನಿನಲ್ಲಿ ಹಾಕಿದ್ದಾನೆ. ನನಗೆ ಯಾಕೋ ಒಪ್ಪಿಗೆಯಾಗುತ್ತಿಲ್ಲ.

ಉತ್ತರ: ನಿಮಗೆ ಅನ್ನಿಸಿದ್ದು ಸರಿ. ಬೇರೆ ಊರಿನ ಹೆಸರು ಎರವಲು ತರೋ ಅಭ್ಯಾಸ ನಮ್ಮಲ್ಲಿ ಹಳೆಯದು. ಕೊಡಗಿಗೆ ಭಾರತದ ಸ್ಕಾಟ್ಲೆಂಡ್ ಅಂತಾರೆ, ಆಗುಂಬೆಗೆ ದಕ್ಷಿಣದ ಚಿರಾಪುಂಜಿ ಅಂತಾರೆ. ಆಗುಂಬೆಯದಕ್ಕೆ ಒಂದು ಆಧಾರವಾದರೂ ಇದೆ, ಅಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ನಿಮ್ಮ ತೋಟದಲ್ಲಿ ಹಿಮ ಬೀಳುತ್ತದೆಯೇ? ಇಲ್ಲ. ಹಾಗಾದರೆ ಸ್ವಿಟ್ಜರ್ಲೆಂಡ್ ಬೇಡ. ನಿಮ್ಮಲ್ಲಿ ಇರೋದು ಅಲ್ಲಿ ಇಲ್ಲ, ಅದನ್ನು ಹೇಳಿ.

ಹೂಮಳೆ ಬಿದ್ದು ಒಂದು ವಾರ, ಹತ್ತು ದಿನಕ್ಕೆ ಕಾಫಿ ಹೂ ಬಿಟ್ಟು ತೋಟ ಪೂರ್ತಿ ಬೆಳ್ಳಗಾಗುತ್ತದೆ, ಆ ಪರಿಮಳ ನಾಲ್ಕೈದು ದಿನಕ್ಕೆ ಮುಗಿದುಹೋಗುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಬರುವವರು ಮೊದಲು ಫೋನ್ ಮಾಡಿ, ಮಳೆ ಬಿತ್ತಾ ಇಲ್ಲವಾ ಹೇಳುತ್ತೇವೆ ಅಂತ ಬರೆಯಿರಿ. ಚಳಿಗಾಲದಲ್ಲಿ ಹಣ್ಣು ಕೊಯ್ಯೋದು, ಕಣದಲ್ಲಿ ಒಣಗಿಸೋದು ನೋಡಬಹುದು ಅಂತ ಬರೆಯಿರಿ. ಅಕ್ಕಿ ರೊಟ್ಟಿಗೆ ಏನು ಪಲ್ಯ ಅಂತ ಬರೆಯಿರಿ. ಕೊನೆಯ ದಾರಿ ಮಣ್ಣಿನದು, ಮಳೆಗಾಲದಲ್ಲಿ ಸಣ್ಣ ಕಾರು ಬರುವುದಿಲ್ಲ, ಇಂಬಳ (ಜಿಗಣೆ) ಹತ್ತುತ್ತವೆ, ನೆಟ್‌ವರ್ಕ್ ಗೇಟಿನ ಹತ್ತಿರ ಮಾತ್ರ ಸಿಗುತ್ತದೆ ಅನ್ನೋದನ್ನೂ ಮುಚ್ಚಿಡಬೇಡಿ. ಇದನ್ನು ಓದಿ ಕೆಲವರು ಬರುವುದಿಲ್ಲ, ಆ ಕೆಲವರು ಬಂದಿದ್ದರೆ ಒಂದು ಸ್ಟಾರ್ ಕೊಟ್ಟು ಹೋಗುತ್ತಿದ್ದರು. ಓದಿಯೂ ಬಂದವರು ಸಂತೋಷವಾಗಿ ಇರುತ್ತಾರೆ. ಮಗನಿಗೆ ಬೈಬೇಡಿ, ಎಲ್ಲರದ್ದನ್ನೂ ನೋಡಿ ಬರೆದಿದ್ದಾನೆ. ಅವನನ್ನು ತೋಟದಲ್ಲಿ ಒಂದು ಸುತ್ತು ಕರೆದುಕೊಂಡು ಹೋಗಿ ಕಂಡದ್ದನ್ನು ಹೇಳಿಸಿ, ಅದನ್ನೇ ಹಾಕಿ.

ಪ್ರಶ್ನೆ: ಇನ್‌ಸ್ಟಾಗ್ರಾಮಿನಲ್ಲಿ ಕನ್ನಡ ಪುಸ್ತಕಗಳ ಬಗ್ಗೆ ಪುಟ್ಟ ಪೋಸ್ಟ್ ಬರೆಯುತ್ತೇನೆ. ಈಗ ಪ್ರಕಾಶಕರು ಪುಸ್ತಕ ಸುಮ್ನೆ ಕಳಿಸುತ್ತಾರೆ, ಒಬ್ಬರು ದುಡ್ಡೂ ಕೊಡುತ್ತೇನೆ ಅಂದರು. ತಪ್ಪೇನಾದರೂ ಇದೆಯಾ? (ಮಂಗಳೂರು)

ಉತ್ತರ: ತಗೊಳ್ಳೋದು ತಪ್ಪಲ್ಲ, ಹೇಳದೇ ಇರೋದು ತಪ್ಪು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಂತ ಇದೆ. 2022ರ ಜೂನ್‌ನಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಬಂತು, 2023ರ ಜನವರಿಯಲ್ಲಿ ಸೋಷಿಯಲ್ ಮೀಡಿಯಾದವರಿಗೆಂದೇ ಸರ್ಕಾರ ಸರಳವಾದ ಕೈಪಿಡಿ ತಂದಿತು. ದುಡ್ಡು ಮಾತ್ರ ಅಲ್ಲ, ಪುಕ್ಕಟೆ ವಸ್ತು, ಉಡುಗೊರೆ, ಪ್ರವಾಸ, ರಿಯಾಯಿತಿ ಯಾವುದು ಪಡೆದಿದ್ದರೂ ಅದನ್ನು ಜನಕ್ಕೆ ಕಾಣುವಂತೆ ತಿಳಿಸಬೇಕು. ಹ್ಯಾಷ್‌ಟ್ಯಾಗುಗಳ ರಾಶಿಯ ಕೊನೆಯಲ್ಲಿ ಬಚ್ಚಿಡಬಾರದು. ಪೋಸ್ಟ್ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಇರಬೇಕು. ದಾರಿ ತಪ್ಪಿಸುವ ಜಾಹೀರಾತಾದರೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಶಿಫಾರಸು ಮಾಡಿದವರನ್ನು ಒಂದು ವರ್ಷ, ಮುಂದೆ ಮೂರು ವರ್ಷದವರೆಗೂ ಆ ಕೆಲಸದಿಂದ ದೂರ ಇಡಬಹುದು.

ಇಷ್ಟು ದೂರ ಹೋಗಬೇಕಾಗಿಲ್ಲ. ಮೊದಲ ಸಾಲಿನಲ್ಲೇ "ಈ ಪ್ರತಿಯನ್ನು ಪ್ರಕಾಶಕರು ಉಚಿತವಾಗಿ ಕಳಿಸಿದ್ದು" ಅಂತ ಹಾಕಿ. ದುಡ್ಡು ತಗೊಂಡಿದ್ದರೆ "ಜಾಹೀರಾತು" ಅಂತಲೇ ಹಾಕಿ. ನನ್ನ ಸಲಹೆ, ದುಡ್ಡು ತಗೊಂಡ ಪುಸ್ತಕಕ್ಕೆ ಅಭಿಪ್ರಾಯ ಬರೆಯಬೇಡಿ, ಪರಿಚಯ ಮಾತ್ರ ಬರೆಯಿರಿ. ಯಾವ ಊರಿನ ಕತೆ, ಯಾವ ಕಾಲ, ಎಷ್ಟು ಪುಟ, ಎಲ್ಲಿ ಸಿಗುತ್ತದೆ. ನಿಮ್ಮ ಓದುಗರು ಚಿಕ್ಕ ಗುಂಪು, ನಿಮ್ಮ ಮಾತು ನಂಬಿ 250 ರೂಪಾಯಿ ಖರ್ಚು ಮಾಡುತ್ತಾರೆ. ಕನ್ನಡ ಪುಸ್ತಕ ಕೊಳ್ಳುವವರನ್ನು ಕಳೆದುಕೊಳ್ಳೋದು ಸುಲಭ, ಮತ್ತೆ ಕರೆತರೋದು ಬಹಳ ಕಷ್ಟ.

ಪ್ರಶ್ನೆ: ಈಗಿನ ಸಿನಿಮಾಗಳಿಗೆಲ್ಲ ಹೆಸರಿನ ಕೆಳಗೆ ಒಂದು ಅಡಿಬರಹ ಇರುತ್ತದೆ. ಇದು ಇಂಗ್ಲಿಷ್ ಸಿನಿಮಾ ನೋಡಿ ಕಲಿತದ್ದಾ? (ಇಳಕಲ್ಲ)

ಉತ್ತರ: ಟ್ಯಾಗ್‌ಲೈನ್ ಅನ್ನೋ ಹೆಸರು ಅಲ್ಲಿಯದು ಇರಬಹುದು, ಪದ್ಧತಿ ನಮ್ಮ ಊರಿನದೂ ಹೌದು. ನೀವು ಇಳಕಲ್ಲದವರು, ನಿಮಗೆ ನಾನು ಹೇಳಬೇಕಾ? ಕಂಪನಿ ನಾಟಕದ್ದು, ಹಳ್ಳಿ ಜಾತ್ರೆಯಲ್ಲಿ ಆಡೋ ನಾಟಕದ್ದು ಯಾವ ಕರಪತ್ರ ಬೇಕಾದರೂ ತೆಗೆಯಿರಿ. ನಾಟಕಕ್ಕೆ ಎರಡು ಹೆಸರು, ನಡುವೆ "ಅರ್ಥಾತ್". ಮೇಲಿನ ಹೆಸರು ಗಂಭೀರವಾಗಿ ಇರುತ್ತದೆ, ಕೆಳಗಿನದು ಕತೆ ಯಾರ ಬಗ್ಗೆ ಅಂತ ಬಾಯಿಬಿಟ್ಟು ಹೇಳುತ್ತದೆ. ಅದೇ ಅಡಿಬರಹ. "ಅರ್ಥಾತ್" ಅನ್ನೋ ಒಂದು ಪದ ಎಷ್ಟು ಕೆಲಸ ಮಾಡುತ್ತಿತ್ತು ನೋಡಿ. ಮೇಲಿನ ಹೆಸರು ತಿಳಿಯಲಿಲ್ಲವಾ, ಇಗೋ ಇದು ಅದರ ಅರ್ಥ ಅಂತ ಕೈಹಿಡಿದು ಕೂರಿಸುತ್ತಿತ್ತು.

ಅದರ ಕೆಳಗೆ "ಹಾಸ್ಯಭರಿತ ಸಾಮಾಜಿಕ ನಾಟಕ" ಅನ್ನೋ ಸಾಲು. ಅದು ಹೊಗಳಿಕೆ ಅಲ್ಲ, ನಾಟಕ ಯಾವ ಬಗೆಯದು ಅಂತ ಹೇಳೋದು. ಪೌರಾಣಿಕ ಅಲ್ಲ, ಐತಿಹಾಸಿಕ ಅಲ್ಲ, ಮನೆ ಮಂದಿಯ ಕತೆ, ನಗು ಇರುತ್ತದೆ. ಆಮೇಲೆ ಊರು, ಜಾಗ, ಗಂಟೆ, ಟಿಕೆಟ್ ದರ. ಕರಾವಳಿಯ ಯಕ್ಷಗಾನದ ಕರಪತ್ರದಲ್ಲೂ ಹೀಗೇ, ಪ್ರಸಂಗದ ಹೆಸರು, ಮೇಳದ ಹೆಸರು, ಭಾಗವತರು ಯಾರು, ಕಾಲಮಿತಿಯೋ ಬೆಳಗಿನವರೆಗೋ. ಓದಿದವರು ಬರಬೇಕೋ ಬೇಡವೋ ಅಂತ ಅಲ್ಲೇ ತೀರ್ಮಾನ ಮಾಡಬಹುದಿತ್ತು. ಗುಬ್ಬಿ ಕಂಪನಿಯ ಕುರುಕ್ಷೇತ್ರ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆ ಬರುತ್ತಿದ್ದವು. ಅದಕ್ಕೆ ಅದ್ದೂರಿ, ಭರ್ಜರಿ ಅನ್ನೋ ಪದ ಬೇಕಾಗಿಯೇ ಇಲ್ಲ, ಆನೆ ಬರುತ್ತದೆ ಅಂದರೆ ಮುಗಿಯಿತು. ಈಗಿನ ಸಿನಿಮಾ ಅಡಿಬರಹಗಳಲ್ಲಿ ನನಗೆ ಕೊರತೆ ಕಾಣೋದು ಇಲ್ಲೇ. ಇಂಗ್ಲಿಷಿನ ಎರಡು ಜೋರು ಪದ ಇರುತ್ತವೆ, ಕತೆ ಊರಿನದೋ ಪೇಟೆಯದೋ, ಅಪ್ಪ ಮಗನದೋ ಪೊಲೀಸರದೋ ಅಂತ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ಬಹಳ ಹಳೆಯ ಗೆಳೆಯ ಬೆನ್ನುಡಿ ಬರೆದುಕೊಡು ಅಂತ ಕವನ ಸಂಕಲನ ಕೊಟ್ಟಿದ್ದಾನೆ. ಓದಿದೆ, ಹಿಡಿಸಲಿಲ್ಲ. ಇಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾನೆ. (ಶಿವಮೊಗ್ಗ)

ಉತ್ತರ: ಇನ್ನೊಂದು ಸಲ ಓದಿ, ಈ ಸಲ ಪೆನ್ಸಿಲ್ ಹಿಡಿದು ಓದಿ. ಇಡೀ ಸಂಕಲನದಲ್ಲಿ ನಿಮಗೆ ನಿಜವಾಗಿ ಹಿಡಿಸಿದ ಎರಡು ಮೂರು ಪದ್ಯ ಸಿಕ್ಕರೆ ಅವುಗಳ ಬಗ್ಗೆ ಮಾತ್ರ ಬರೆಯಿರಿ, ಪದ್ಯದ ಹೆಸರು ಹೇಳಿ, ಯಾವ ಸಾಲು ಯಾಕೆ ಹಿಡಿಸಿತು ಅಂತ ಹೇಳಿ. ಉಳಿದ ಪದ್ಯಗಳ ಬಗ್ಗೆ ಒಂದು ಮಾತೂ ಬೇಡ. ಅದು ಸುಳ್ಳಲ್ಲ, ಓದುಗರಿಗೂ ಆ ಪದ್ಯಗಳಿಗೆ ದಾರಿ ಸಿಕ್ಕಂತಾಯಿತು. ಒಂದೂ ಸಿಗಲಿಲ್ಲವಾ? ಹಾಗಾದರೆ ಬರೆಯಬೇಡಿ. ಫೋನಿನಲ್ಲಿ ಹೇಳಬೇಡಿ, ಮನೆಗೆ ಹೋಗಿ ಕೂತು ಹೇಳಿ. ಎಲ್ಲಿ ತಿದ್ದಬಹುದು ಅಂತ ಗುರುತು ಹಾಕಿದ ಹಸ್ತಪ್ರತಿಯನ್ನು ಕೈಯಲ್ಲೇ ತೆಗೆದುಕೊಂಡು ಹೋಗಿ. ಪುಸ್ತಕ ಇನ್ನೂ ಅಚ್ಚಾಗಿಲ್ಲ ತಾನೇ, ಸಮಯ ಇದೆ.